ರೇಸಿಗೆ ಹೊರಟ ಮಗನಿಗೆ ದೊಡ್ಡಪ್ಪನ ಪತ್ರ

ಮಡಿಕೇರಿ

ಪ್ರೀತಿಯ ಮಗನೇ,

ನೀನು ಗಾಡಿ ಓಡಿಸುವುದು ನನಗೆ ತುಂಬಾ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆದಿರುವುದು ನಿನಗೆ ಹಿಡಿಸಲಿಕ್ಕಿಲ್ಲ. ಭಾನುವಾರ ಗೋಣಿಕೊಪ್ಪದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಕೋನ್‌ಗಳ ನಡುವೆ ಮಣ್ಣಿನಲ್ಲಿ ಗಡಿಯಾರಕ್ಕೆ ಎದುರಾಗಿ ಓಡಿಸುವ ರೇಸ್, ನೋಡಿದವರೆಲ್ಲ ನಿನ್ನ ಕೈಚಳಕ ಹೊಗಳಿದರು. ಆಮೇಲೆ ನಡೆದದ್ದನ್ನೂ ಹೇಳಿದರು. ಒಂದು ಕೋನ್ ಬಿತ್ತು, ಪೆನಾಲ್ಟಿ ಸೆಕೆಂಡು ಸೇರಿಸಿದರು, ಮೊದಲ ಸ್ಥಾನ ಹೋಯಿತು. ನೀನು ಜಿಪ್ಸಿಯನ್ನು ರಿವರ್ಸ್ ತೆಗೆದು, ಗೆದ್ದ ಹುಡುಗನ ಕಾರಿನ ಬಾಗಿಲಿಗೆ ಗುದ್ದಿದೆ. ಬೇಕೆಂದೇ ಗುದ್ದಿದೆ. "ಕೈ ತಪ್ಪಿತು" ಅಂತ ನನ್ನ ಹತ್ತಿರ ಹೇಳಬೇಡ. ಅಷ್ಟು ನಿಧಾನದಲ್ಲಿ ತಪ್ಪುವ ಕೈ ನಿನ್ನದಲ್ಲ.

ಇದೇ ಥರದ ಒಂದು ಸಂಗತಿ ನಿನಗೆ ಗೊತ್ತಿರಬೇಕು. 2018ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ 2 ರೇಸ್, ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಅಮೆರಿಕದ ಸ್ಯಾಂಟಿನೊ ಫೆರುಚ್ಚಿ ಒಂದೇ ತಂಡದವರು. ಇಬ್ಬರೂ ಹಾಸ್ ಫಾರ್ಮುಲಾ 1 ತಂಡದ ತರಬೇತಿಯಲ್ಲಿದ್ದವರು. ರೇಸ್ ಮುಗಿದು ಬಾವುಟ ಬಿದ್ದ ಮೇಲೆ ಫೆರುಚ್ಚಿ ಮೈನಿಯ ಕಾರಿಗೆ ಹಿಂದಿನಿಂದ ಗುದ್ದಿದ. ನಾಲ್ಕು ರೇಸ್ ನಿಷೇಧ, ದಂಡ, ಆಮೇಲೆ ತಂಡವೇ ಹೊರಗೆ ಹಾಕಿತು. ಅಮೆರಿಕಕ್ಕೆ ವಾಪಸ್ ಹೋಗಿ ಅಲ್ಲಿನ ಇಂಡಿಕಾರ್ ರೇಸ್‌ಗಳಲ್ಲಿ ಚೆನ್ನಾಗಿಯೇ ಓಡಿಸಿದ, 2023ರ ಇಂಡಿಯಾನಾಪೊಲಿಸ್ 500ರಲ್ಲಿ ಮೂರನೇ ಸ್ಥಾನವೂ ಬಂತು. ಆದರೆ ಅವನು ಹೊರಟಿದ್ದ ಫಾರ್ಮುಲಾ 1 ಸಿಗಲೇ ಇಲ್ಲ. ಕೈಯಲ್ಲಿ ವೇಗ ಇತ್ತು, ಅಲ್ವಾ?

ನೀನು ಇಷ್ಟಪಡುವ ಫಾರ್ಮುಲಾ 1 ಚಾಲಕ ಮೊಂಟೋಯಾ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನನಗೂ ಅವನೆಂದರೆ ಪ್ರೀತಿ. 2001ರಲ್ಲಿ ಬ್ರೆಜಿಲ್‌ನಲ್ಲಿ ಹೊಸ ಹುಡುಗನಾಗಿ ಬಂದು ಆಗಿನ ಚಾಂಪಿಯನ್ ಶೂಮಾಕರ್‌ನನ್ನು ಒಳಗಿನಿಂದ ನುಗ್ಗಿ ಹಿಂದೆ ಹಾಕಿದ್ದನ್ನು ಯಾರು ಮರೆಯುತ್ತಾರೆ? 2003ರಲ್ಲಿ ಅವನು ಚಾಂಪಿಯನ್ ಆಗಬಹುದಿತ್ತು. ಆ ವರ್ಷ ಫ್ರಾನ್ಸ್‌ನಲ್ಲಿ ಪಿಟ್ ಸ್ಟಾಪ್ (ನಡುವೆ ಟೈರು, ಪೆಟ್ರೋಲಿಗೆ ನಿಲ್ಲುವುದು) ವಿಷಯಕ್ಕೆ ರೇಡಿಯೋದಲ್ಲೇ ತನ್ನ ತಂಡದ ಮೇಲೆ ಹರಿಹಾಯ್ದ. ಇಂಡಿಯಾನಾಪೊಲಿಸ್‌ನಲ್ಲಿ ಎದುರಾಳಿ ಬ್ಯಾರಿಕೆಲೋಗೆ ತಾಗಿಸಿ ಪೆನಾಲ್ಟಿ ತಿಂದ, ಪೈಪೋಟಿಯಿಂದ ಹೊರಬಿದ್ದ. ಕೊನೆಗೆ ಶೂಮಾಕರ್‌ಗೆ 93 ಪಾಯಿಂಟ್, ರೈಕೊನೆನ್‌ಗೆ 91, ಇವನಿಗೆ 82. ಮುಂದೆ ಮೆಕ್ಲಾರೆನ್‌ಗೆ ಹೋದ. 2005ರಲ್ಲಿ ಮೊನಾಕೊದಲ್ಲಿ ಬರೀ ಪ್ರಾಕ್ಟೀಸ್ ವೇಳೆ, ಹಿಂದೆ ಬರುತ್ತಿದ್ದವರ ಎದುರು ಬ್ರೇಕ್ ಒತ್ತಿದ, ಕಾರುಗಳು ಒಂದಕ್ಕೊಂದು ಗುದ್ದಿಕೊಂಡವು. ಇವನನ್ನು ಗ್ರಿಡ್‌ನ, ಅಂದರೆ ರೇಸ್ ಹೊರಡುವ ಸಾಲಿನ, ಕೊನೆಗೆ ಕಳಿಸಿದರು. ಮುಂದಿನವರನ್ನು ಹಿಂದಿಕ್ಕುವುದೇ ಕಷ್ಟವಾದ ಆ ಮೊನಾಕೊದಲ್ಲಿ! 2006ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಿನಲ್ಲೇ ತನ್ನದೇ ತಂಡದ ರೈಕೊನೆನ್‌ಗೆ ಗುದ್ದಿದ. ಅದೇ ಅವನ ಕೊನೆಯ ಫಾರ್ಮುಲಾ 1 ರೇಸ್ ಆಯಿತು. ಒಟ್ಟು ಏಳು ಗೆಲುವು, ಚಾಂಪಿಯನ್ ಪಟ್ಟ ಒಂದೂ ಇಲ್ಲ. ಮುಂದಿನ ವರ್ಷ ಅದೇ ರೈಕೊನೆನ್ ಬೇರೆ ತಂಡಕ್ಕೆ ಹೋಗಿ ಚಾಂಪಿಯನ್ ಆದ. ಅವನ ಮುಖದಲ್ಲಿ ಸಿಟ್ಟು ಕಂಡವರು ಕಡಿಮೆ.

ಎಲ್ಲರದ್ದೂ ಸಿಟ್ಟೇ ಅಂತ ಹೇಳುತ್ತಿಲ್ಲ. ಜ್ಯಾನ್ ಅಲೆಸಿಯದು ಮನಸ್ಸು ಬಿಸಿಯಾಗುವ ಸ್ವಭಾವ. 1990ರಲ್ಲಿ ಫೀನಿಕ್ಸ್‌ನಲ್ಲಿ ಚಿಕ್ಕ ಟಿರೆಲ್ ತಂಡದ ಕಾರಿನಲ್ಲಿ, ತನ್ನನ್ನು ದಾಟಿದ ಮಾಜಿ ಚಾಂಪಿಯನ್ ಸೆನ್ನಾನನ್ನು ಮರುಕ್ಷಣವೇ ಮತ್ತೆ ದಾಟಿದವನು. ಅಂಥವನಿಗೆ 200ಕ್ಕೂ ಹೆಚ್ಚು ರೇಸ್‌ಗಳಲ್ಲಿ ಸಿಕ್ಕಿದ್ದು ಒಂದೇ ಗೆಲುವು, 1995ರಲ್ಲಿ ಕೆನಡಾದಲ್ಲಿ. ಅದರಲ್ಲಿ ಅದೃಷ್ಟದ ಪಾಲೂ ಇದೆ, ಒಪ್ಪುತ್ತೇನೆ. ಮಾತಾಡಿಕೊಂಡಿದ್ದ ವಿಲಿಯಮ್ಸ್ ಬಿಟ್ಟು ಫೆರಾರಿಗೆ ಹೋದ, ಮೇಲೆದ್ದದ್ದು ವಿಲಿಯಮ್ಸ್. ಆದರೆ 1997ರಲ್ಲಿ ಮೆಲ್ಬರ್ನ್‌ನಲ್ಲಿ ತಂಡದವರು ಪಿಟ್‌ಗೆ ಬಾ ಬಾ ಅಂತ ಎಷ್ಟು ಕರೆದರೂ ಬರದೆ, ಪೆಟ್ರೋಲ್ ಮುಗಿದು ದಾರಿಯಲ್ಲೇ ನಿಂತನಲ್ಲ, ಅದಕ್ಕೆ ಯಾವ ಅದೃಷ್ಟವನ್ನು ಬೈಯುವುದು?

ನೀನು ಸೆನ್ನಾನ ಹೆಸರು ಎತ್ತುತ್ತೀಯ ಅಂತ ಗೊತ್ತು. 1990ರಲ್ಲಿ ಜಪಾನಿನ ಸುಜುಕಾದಲ್ಲಿ ಪಟ್ಟದ ಎದುರಾಳಿ ಪ್ರೋಸ್ಟ್‌ಗೆ ಗುದ್ದಿಯೇ ಚಾಂಪಿಯನ್ ಆದ, ನಿಜ. ಆದರೆ ಅಷ್ಟು ಹೊತ್ತಿಗೆ ಅವನು ಒಮ್ಮೆ ಚಾಂಪಿಯನ್ ಆಗಿದ್ದವನು, ತಂಡ ಅವನನ್ನು ಬಿಟ್ಟುಕೊಡುವಂತಿರಲಿಲ್ಲ. ನಿನ್ನ ಬೆನ್ನಿಗೆ ಹಾಗೆ ಯಾರಿದ್ದಾರೆ? ಅಷ್ಟಕ್ಕೂ ಎಲ್ಲರಿಗೂ ಅದು ದಕ್ಕುವುದೂ ಇಲ್ಲ. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಶೂಮಾಕರ್ ತನ್ನ ಪಟ್ಟದ ಎದುರಾಳಿ ವಿಲ್ನೆವ್‌ಗೆ ಗುದ್ದಲು ಹೋಗಿ ತಾನೇ ಜಲ್ಲಿಯಲ್ಲಿ ಹೂತುಕೊಂಡ. ಆ ವರ್ಷದ ಎರಡನೇ ಸ್ಥಾನವನ್ನೂ ಕಿತ್ತುಕೊಂಡರು. ಇನ್ನು ಮೊನ್ನೆ ಮೊನ್ನೆಯದು ನೋಡು. 2025ರಲ್ಲಿ ಬಾರ್ಸಿಲೋನಾದಲ್ಲಿ ವರ್ಸ್ಟಾಪನ್ ಸಿಟ್ಟಿನಲ್ಲಿ ರಸೆಲ್‌ಗೆ ತಾಗಿಸಿ ಐದನೇ ಸ್ಥಾನದಿಂದ ಹತ್ತಕ್ಕೆ ಬಿದ್ದ. ಒಂಬತ್ತು ಪಾಯಿಂಟ್ ಹೋಯಿತು. ವರ್ಷದ ಕೊನೆಗೆ ನಾರಿಸ್ ಎದುರು ಪಟ್ಟ ಕಳೆದುಕೊಂಡದ್ದು ಎರಡೇ ಪಾಯಿಂಟಿನಿಂದ. ನಾಲ್ಕು ಸಲ ಗೆದ್ದವನಿಗೇ ಹೀಗೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದಾ?

ನಮ್ಮೂರಿನ ಹಾಕಿಯಲ್ಲಿ ಹಳದಿ ಕಾರ್ಡ್ ಸಿಕ್ಕಿದವನು ಹೊರಗೆ ಕೂರುತ್ತಾನೆ, ಉಳಿದ ಹತ್ತು ಜನ ಅವನ ಪಾಲನ್ನೂ ಓಡುತ್ತಾರೆ. ರೇಸಿನಲ್ಲೂ ಹಾಗೆಯೇ. ನಿನ್ನ ಸಿಟ್ಟಿನ ಬೆಲೆ ಕೊಡುವುದು ಮೆಕ್ಯಾನಿಕ್. ರಾತ್ರಿಯಿಡೀ ಕೂತು ಆಕ್ಸಲ್ ಬದಲಿಸುವವನು ಅವನು. ನಾಳೆ ರ‍್ಯಾಲಿಗೆ ಹೋದರೆ ಪಕ್ಕದ ಸೀಟಿನಲ್ಲಿ ನ್ಯಾವಿಗೇಟರ್ ಇರುತ್ತಾನೆ, ತನ್ನ ಜೀವ ನಿನ್ನ ಕೈಯಲ್ಲಿಟ್ಟು, ದಾರಿಯ ತಿರುವುಗಳನ್ನು ಬರೆದಿಟ್ಟ ಪೇಸ್ ನೋಟ್ಸ್ ಓದುತ್ತಾನೆ. ಒಳ್ಳೆಯ ಕಾರು ಯಾರ ಕೈಗೆ ಕೊಡಬೇಕು ಅಂತ ತೀರ್ಮಾನ ಮಾಡುವವರು ಗಡಿಯಾರ ಒಂದನ್ನೇ ನೋಡುವುದಿಲ್ಲ. ಇವನನ್ನು ನಂಬಬಹುದಾ ಅಂತ ನೋಡುತ್ತಾರೆ. ಮೊಂಟೋಯಾಗೆ, ಫೆರುಚ್ಚಿಗೆ ಕೊರತೆಯಾದದ್ದು ಈ ನಂಬಿಕೆಯೇ ಅಂತ ನನಗೆ ಅನಿಸುತ್ತದೆ.

ಸಿಟ್ಟೇ ಬರಬಾರದು ಅಂತ ನಾನು ಹೇಳುವುದಿಲ್ಲ. ಬರಲಿ, ಆದರೆ ಸ್ಟೀರಿಂಗ್ ಬಿಟ್ಟ ಮೇಲೆ ಬರಲಿ. 1999ರಲ್ಲಿ ಮೊಂಜಾದಲ್ಲಿ ಹಕ್ಕಿನೆನ್ ಮುಂದಿದ್ದವನು ತನ್ನದೇ ತಪ್ಪಿನಿಂದ ಸ್ಪಿನ್ ಆಗಿ ಹೊರಬಿದ್ದ. ಗ್ಲೌಸ್ ಎಸೆದು, ಪೊದೆಯ ಹಿಂದೆ ಕೂತು ಅತ್ತ. ಆ ವರ್ಷ ಚಾಂಪಿಯನ್ ಅವನೇ. ನೀನೂ ಇನ್ನು ಮೇಲೆ ಹೀಗೆ ಮಾಡು. ಓಟ ಮುಗಿದ ಕೂಡಲೇ ಎಂಜಿನ್ ಆಫ್ ಮಾಡಿ ಕೀ ಮೆಕ್ಯಾನಿಕ್ ಕೈಗೆ ಕೊಡು. ಹೆಲ್ಮೆಟ್ ತೆಗೆಯುವ ಮೊದಲು ಯಾರ ಜೊತೆಗೂ ಮಾತು ಬೇಡ. ಪೆನಾಲ್ಟಿ ತಪ್ಪು ಅನಿಸಿದರೆ ಪ್ರೊಟೆಸ್ಟ್ ಬರೆದು ಕೊಡುವ ದಾರಿ ಇದೆ, ಮಾರ್ಷಲ್ ಮೇಲೆ ಕೂಗಾಡಬೇಡ. ಅವರು ಬಿಸಿಲಲ್ಲಿ ನಿಂತಿದ್ದಕ್ಕೇ ನೀನು ಓಡಿಸಲು ಆಯಿತು. ಮೊಬೈಲು ಮಾರನೆಯ ದಿನ ನೋಡಿದರೆ ಸಾಕು.

ಈ ಪತ್ರವನ್ನು ನಿನ್ನ ಅಪ್ಪನಿಗೂ ಓದಿಸು. ಭಾನುವಾರ ಅವನೂ ಅಲ್ಲಿ ಹೊಡೆಯಲು ಕೈ ಎತ್ತಿದನಂತೆ. 2020ರಲ್ಲಿ ಇಟಲಿಯಲ್ಲಿ ವಿಶ್ವ ಕಾರ್ಟಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಲುಕಾ ಕೊರ್ಬೆರಿ ಅನ್ನುವ ಹುಡುಗ ಎದುರಾಳಿಯ ಮೇಲೆ ಬಂಪರ್ ಎಸೆದ, ಆಮೇಲೆ ಹೊಡೆದಾಟಕ್ಕೆ ಅವನ ಅಪ್ಪನೂ ಇಳಿದ. ಇಬ್ಬರಿಗೂ 15 ವರ್ಷ ನಿಷೇಧ. ನನ್ನ ತಮ್ಮ ಅಂತ ನಾನು ನಿನ್ನ ಅಪ್ಪನನ್ನು ಬಿಡುವುದಿಲ್ಲ, ಫೋನ್ ಮಾಡಿಯೂ ಹೇಳುತ್ತೇನೆ.

ಭಾನುವಾರ ನೀನು ಗುದ್ದಿದ ಕಾರಿನ ಹುಡುಗನ ಮನೆ ಪೊನ್ನಂಪೇಟೆಯ ಹತ್ತಿರ ಅಂತ ಕೇಳಿದೆ. ಕಾರಿನ ಬಾಗಿಲು ರಿಪೇರಿಯ ದುಡ್ಡನ್ನು ಅಪ್ಪನಿಂದ ತೆಗೆದುಕೊಳ್ಳಬೇಡ. ಈ ಸಲ ತೋಟದಲ್ಲಿ ಕಾಫಿ ಕೊಯ್ಲಿಗೆ ಬಂದು ಕೆಲಸ ಮಾಡು, ಕೂಲಿ ನಾನು ಕೊಡುತ್ತೇನೆ, ಅದರಲ್ಲಿ ಕೊಡು. ಗುರುವಾರ ಬೆಳಿಗ್ಗೆ ನಾನು ಆ ಕಡೆ ಬರುತ್ತೇನೆ. ರೆಡಿಯಾಗಿರು, ಇಬ್ಬರೂ ಒಟ್ಟಿಗೆ ಅವರ ಮನೆಗೆ ಹೋಗಿ ಬರೋಣ.

ನಿನ್ನ ದೊಡ್ಡಪ್ಪ