ದೇಹದಾನಿಗಳ ಒಡಲಲ್ಲಿ ಕಂಡದ್ದನ್ನು ಬರೆದಿಡುವ ಆದೇಶ ಹೊರಡಿಸಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಮ್ಮ ವೈದ್ಯಕೀಯ ಕಾಲೇಜುಗಳ ಶವಚ್ಛೇದನ ಕೊಠಡಿಗಳಲ್ಲಿ ವರ್ಷವರ್ಷವೂ ಕಣ್ಣಿಗೆ ಬಿದ್ದು, ದಾಖಲಾಗದೆ ಕಳೆದುಹೋಗುವ ಒಂದು ತಿಳಿವಳಿಕೆಯ ಬಗ್ಗೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಿದೆ.

ಹೊಟ್ಟೆಯೊಳಗಿನ ಅಪಧಮನಿಗಳು ಎಲ್ಲರಲ್ಲೂ ಒಂದೇ ದಾರಿ ಹಿಡಿಯುವುದಿಲ್ಲ. ಹೃದಯದಿಂದ ಇಳಿದು ಬರುವ ಮಹಾಪಧಮನಿಯ ಕವಲಾದ ಸೀಲಿಯಾಕ್ ಟ್ರಂಕ್ ಎಂಬ ನಾಳ ಮೂರು ಕವಲಾಗಿ ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತ ಒಯ್ಯುತ್ತದೆ ಎಂದು ಪಠ್ಯದಲ್ಲಿದೆ. ಆದರೆ 1994ರಲ್ಲಿ ಅಮೆರಿಕದ ಶಸ್ತ್ರವೈದ್ಯರು ಕಸಿಗಾಗಿ ತೆಗೆದ 1000 ಯಕೃತ್ತುಗಳ ವಿವರ ಪ್ರಕಟಿಸಿದಾಗ, ಪಠ್ಯದಲ್ಲಿರುವಂಥ ಜೋಡಣೆ ಕಂಡದ್ದು 757ರಲ್ಲಿ ಮಾತ್ರ. ಉಳಿದವರಲ್ಲಿ ಹಲವರಿಗೆ ಯಕೃತ್ತಿನ ಬಲಭಾಗದ ಅಪಧಮನಿ ಕರುಳಿಗೆ ಹೋಗುವ ದೊಡ್ಡ ನಾಳದಿಂದ ಹುಟ್ಟಿ, ಮೇದೋಜೀರಕ ಗ್ರಂಥಿಯ ತಲೆಯ ಹಿಂದಿನಿಂದ ಮೇಲೇರಿತ್ತು. ಆ ಗ್ರಂಥಿಯ ಕ್ಯಾನ್ಸರ್‌ಗೆ ವಿಪ್ಪಲ್ ಶಸ್ತ್ರಚಿಕಿತ್ಸೆ (ಗ್ರಂಥಿಯ ತಲೆಭಾಗವನ್ನು ತೆಗೆದು, ಉಳಿದ ಪಿತ್ತನಾಳವನ್ನು ಕರುಳಿಗೆ ಹೊಲಿಯುವುದು) ಮಾಡುವವರಿಗೆ ಇದು ಮೊದಲೇ ಗೊತ್ತಿರದಿದ್ದರೆ ನಾಳ ತುಂಡಾಗಬಹುದು. ಈ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಪಿತ್ತನಾಳಕ್ಕೂ ಬಹುಮಟ್ಟಿಗೆ ರಕ್ತ ಬರುವುದು ಆ ಅಪಧಮನಿಯಿಂದಲೇ. ಹಾಗಾಗಿ ಹೊಸದಾಗಿ ಹಾಕಿದ ಹೊಲಿಗೆ ಒಣಗದೆ ಪಿತ್ತ ಸೋರುವ ಅಪಾಯವಿದೆ.

ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶ ತೆಗೆಯುವ ಲ್ಯಾಪ್ರೋಸ್ಕೋಪಿ ಈಗ ತಾಲ್ಲೂಕು ಊರುಗಳಲ್ಲೂ ನಡೆಯುತ್ತದೆ. ಬಲ ಯಕೃತ್ ಅಪಧಮನಿ ಡೊಂಕಾಗಿ ಪಿತ್ತಕೋಶಕ್ಕೆ ಅಂಟಿಕೊಂಡಂತೆ ಸಾಗುವವರಲ್ಲಿ, ಅದನ್ನೇ ಪಿತ್ತಕೋಶದ ಪುಟ್ಟ ನಾಳವೆಂದು ತಿಳಿದು ಕ್ಲಿಪ್ ಹಾಕಿಬಿಡುವ ಸಾಧ್ಯತೆಯಿದೆ. ಕಿಡ್ನಿಯ ವಿಷಯ ಇನ್ನೂ ಸೂಕ್ಷ್ಮ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದೇ ಕಿಡ್ನಿಗೆ ಒಂದಕ್ಕಿಂತ ಹೆಚ್ಚು ಅಪಧಮನಿಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಇನ್ನೊಂದು ಅದರ ಪಾಲಿನ ರಕ್ತ ತುಂಬಿಕೊಡದು. ಕಸಿಯಲ್ಲಿ ಕೆಳತುದಿಯ ಚಿಕ್ಕ ನಾಳ ಹೋದರೆ ಮೂತ್ರನಾಳವೇ ಕೊಳೆಯಬಹುದು.

ಇವೆಲ್ಲವೂ ನಮ್ಮ ಟೇಬಲ್‌ಗಳ ಮೇಲೆ ಕಾಣಸಿಗುತ್ತವೆ. ಎಲ್ಲೋ ಒಬ್ಬ ಅಧ್ಯಾಪಕರು ಆಸಕ್ತಿಯಿಂದ ಲೇಖನ ಬರೆದರೆ ಉಂಟು. ಇಲ್ಲವಾದರೆ ವಿದ್ಯಾರ್ಥಿಗಳು ಬೆರಗಿನಿಂದ ನೋಡುತ್ತಾರೆ, ಪಾಠ ಮುಗಿಸುವ ಧಾವಂತದಲ್ಲಿ ಮುಂದೆ ಹೋಗುತ್ತಾರೆ. ಆ ದೇಹ ಕೊಟ್ಟವರು ಸಾಮಾನ್ಯರಲ್ಲ. ಕೆಲವರು ಬದುಕಿರುವಾಗಲೇ ಸಹಿ ಹಾಕಿ ದಾನ ಮಾಡಿದವರು. ಇನ್ನು ಕೆಲವರು ವಾರಸುದಾರರಿಲ್ಲದೆ ತೀರಿಕೊಂಡು, 1957ರ ಅಂಗರಚನಾ ಕಾಯ್ದೆಯಡಿ ನಮ್ಮಲ್ಲಿಗೆ ಬಂದವರು. ಅವರ ಒಡಲಲ್ಲಿ ಕಂಡದ್ದನ್ನು ಬರೆದಿಡದಿರುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ನಂಬಿದ್ದೇನೆ.

ಸ್ವಾಮಿ, ಇದಕ್ಕೆ ಹೊಸ ಕಟ್ಟಡ ಬೇಡ. ಪ್ರತಿ ಶವಚ್ಛೇದನಕ್ಕೂ ಒಂದು ಪುಟದ ನಮೂನೆ, ಗುರುತು ಬಿಟ್ಟುಕೊಡದ ಒಂದೆರಡು ಫೋಟೋ ಸಾಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅವನ್ನು ಒಟ್ಟುಗೂಡಿಸಿ, ಶಸ್ತ್ರವೈದ್ಯರಿಗೂ ರೇಡಿಯಾಲಜಿಸ್ಟರಿಗೂ ಸಿಗುವಂತೆ ಮಾಡಲಿ. ನಮ್ಮ ಜನರಲ್ಲಿ ಯಾವ ವ್ಯತ್ಯಾಸ ಎಷ್ಟು ಸಾಮಾನ್ಯ ಎಂಬುದಕ್ಕೆ ಆಗ ಹೊರದೇಶದ ಲೆಕ್ಕಗಳನ್ನೇ ನೆಚ್ಚಿಕೊಳ್ಳಬೇಕಿಲ್ಲ.

ಸರಾಸರಿ ಗೊತ್ತಾದರೂ ಮುಂದೆ ಮಲಗಿರುವ ರೋಗಿಯ ನಾಳ ಹೇಗಿದೆ ಎಂದು ತಿಳಿಯಲು ಸ್ಕ್ಯಾನೇ ಬೇಕು. ಯಕೃತ್ತು, ಮೇದೋಜೀರಕ ಗ್ರಂಥಿಗಳ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ. ಹೇಗೂ ಮಾಡಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಆ ವರದಿಯಲ್ಲಿ ಅಪಧಮನಿಗಳ ಬಗ್ಗೆ ಎರಡು ಸಾಲು ಕಡ್ಡಾಯವಾಗಲಿ. ಬರುವ ಶೈಕ್ಷಣಿಕ ವರ್ಷದಿಂದಲೇ ಎರಡೂ ಜಾರಿಯಾಗುವಂತೆ ಆದೇಶಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಂಗರಚನಾಶಾಸ್ತ್ರದ ಒಬ್ಬ ಅಧ್ಯಾಪಕ