ಅನುಪಾತ ಹೇಗೆ ಇಳಿಯಿತೆಂದೂ ಬರೆಯಬೇಕಿತ್ತು

ಮಾನ್ಯ ಸಂಪಾದಕರೇ,

ಅಮೆರಿಕದ ಸೆರೆಮನೆಗಳಲ್ಲಿ ಕಪ್ಪು ವರ್ಣೀಯರಿಗೂ ಬಿಳಿಯರಿಗೂ ನಡುವಿನ ಅಂತರ ಎರಡು ದಶಕಗಳಲ್ಲಿ ಸಾಕಷ್ಟು ತಗ್ಗಿದೆ ಎಂದು ನಿಮ್ಮ ಭಾನುವಾರದ ಪುರವಣಿಯ ಲೇಖನ ಸಂಭ್ರಮಿಸಿದೆ. ಅಂಕಿ ತಪ್ಪಲ್ಲ. ಜನಸಂಖ್ಯೆಗೆ ಹೋಲಿಸಿದರೆ 2000ನೇ ಇಸವಿಯಲ್ಲಿ ರಾಜ್ಯಗಳ ಸೆರೆಮನೆಗಳಲ್ಲಿದ್ದ ಕಪ್ಪು ವರ್ಣೀಯರ ಪ್ರಮಾಣ ಬಿಳಿಯರದಕ್ಕಿಂತ ಎಂಟು ಪಟ್ಟಿಗೂ ಹೆಚ್ಚಿತ್ತು. 2020ರ ಹೊತ್ತಿಗೆ ಅದು ಐದು ಪಟ್ಟಿನ ಆಸುಪಾಸಿಗೆ ಬಂತು. ಆದರೆ ಬದುಕಿಡೀ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ, ಒಂದು ಅನುಪಾತವನ್ನು ಹೀಗೆ ಒಂಟಿಯಾಗಿ ನಿಲ್ಲಿಸಿ ಹಾರ ಹಾಕಿದರೆ ತಡೆದುಕೊಳ್ಳುವುದು ಕಷ್ಟ. ಅನುಪಾತ ಇಳಿಯಲು ಎರಡು ದಾರಿಗಳಿವೆ. ಅಂಶ (ಇಲ್ಲಿ ಕಪ್ಪು ವರ್ಣೀಯರ ದರ) ತಗ್ಗಬಹುದು, ಇಲ್ಲವೇ ಛೇದ (ಬಿಳಿಯರ ದರ) ಉಬ್ಬಬಹುದು. ಎರಡನೆಯದು ದೊಡ್ಡ ಅಂಗಿ ಹೊಲಿಸಿಕೊಂಡು ಹೊಟ್ಟೆ ಕರಗಿತು ಎಂದ ಹಾಗೆ.

ಮಹಿಳಾ ಕೈದಿಗಳ ಲೆಕ್ಕವನ್ನೇ ನೋಡಿ. 2000ನೇ ಇಸವಿಯಲ್ಲಿ ಅಲ್ಲಿನ ಪ್ರತಿ ಲಕ್ಷ ಕಪ್ಪು ಮಹಿಳೆಯರಲ್ಲಿ 205 ಮಂದಿ ಸೆರೆಯಲ್ಲಿದ್ದರು, ಬಿಳಿ ಮಹಿಳೆಯರಲ್ಲಿ 34. ಅಂದರೆ ಆರು ಪಟ್ಟು. 2014ರಲ್ಲಿ ಈ ಅಂಕಿಗಳು 109 ಮತ್ತು 53, ಎರಡು ಪಟ್ಟು. ಕಪ್ಪು ಮಹಿಳೆಯರ ದರ ಹೆಚ್ಚುಕಡಿಮೆ ಅರ್ಧವಾದದ್ದು ನಿಜವಾದ ಸಾಧನೆ, ಒಪ್ಪೋಣ. ಆದರೆ ಬಿಳಿ ಮಹಿಳೆಯರ ದರ 34ರಲ್ಲೇ ನಿಂತಿದ್ದರೆ 2014ರ ಅನುಪಾತ ಎರಡಲ್ಲ, ಮೂರನ್ನೂ ಮೀರಿರುತ್ತಿತ್ತು. ಉಳಿದ ಇಳಿಕೆ ಬಂದದ್ದು ಹೆಚ್ಚು ಬಿಳಿ ಹೆಂಗಸರನ್ನು ಒಳಗೆ ಹಾಕಿದ್ದರಿಂದ. ಮೆತ್ ಎಂಬ ಮಾದಕವಸ್ತು, ಚಟ ಹಿಡಿಸುವ ಅಫೀಮು ಬಗೆಯ ನೋವಿನ ಮಾತ್ರೆ ಮತ್ತು ಹೆರಾಯಿನ್‌ಗಳ ಪಿಡುಗು ಬಿಳಿಯರೇ ಹೆಚ್ಚಿರುವ ಗ್ರಾಮೀಣ ಕೌಂಟಿಗಳಿಗೆ ಹಬ್ಬಿದ್ದು ಇದಕ್ಕೆ ಒಂದು ಕಾರಣ ಎಂದು ಬಲ್ಲವರು ಹೇಳುತ್ತಾರೆ. ಇದನ್ನೂ ಸಮಾನತೆಯ ಖಾತೆಗೆ ಜಮಾ ಮಾಡುವುದೇ?

ಇನ್ನು ಅಂಶ ತಗ್ಗಿದ ಕಥೆ. 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ (ಹರಳಿನ ರೂಪದ) ಕೊಕೇನ್ ಮಾರಿದವನಿಗೂ 500 ಗ್ರಾಂ ಪುಡಿ ಕೊಕೇನ್ ಮಾರಿದವನಿಗೂ ಕನಿಷ್ಠ ಐದು ವರ್ಷ ಜೈಲು. ಮಾದಕವಸ್ತು ಒಂದೇ, ತೂಕದಲ್ಲಿ ನೂರು ಪಟ್ಟು ತಾರತಮ್ಯ. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದವರಲ್ಲಿ ಬಹುಪಾಲು ಕಪ್ಪು ವರ್ಣೀಯರು. 2010ರಲ್ಲಿ 5 ಗ್ರಾಂ ಮಿತಿಯನ್ನು 28ಕ್ಕೆ ಏರಿಸಿ ತಾರತಮ್ಯವನ್ನು ಹದಿನೆಂಟು ಪಟ್ಟಿಗೆ ಇಳಿಸಿದರು. ಪೂರ್ತಿ ತೆಗೆದುಹಾಕಲು ಮನಸ್ಸು ಬರಲಿಲ್ಲ. ಹಳೆಯ ಕೈದಿಗಳಿಗೆ ಇದರ ಲಾಭ ಸಿಗಲು 2018ರ ಇನ್ನೊಂದು ಕಾಯ್ದೆಯವರೆಗೆ ಕಾಯಬೇಕಾಯಿತು. ನಿಮ್ಮ ಲೇಖಕರು ಕೀರ್ತಿಯನ್ನೆಲ್ಲ ಈ ಎರಡು ಕಾಯ್ದೆಗಳಿಗೇ ಕೊಟ್ಟಿದ್ದಾರೆ. ಆದರೆ ಇವು ಅನ್ವಯಿಸುವುದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನಡಿಯ ಪ್ರಕರಣಗಳಿಗೆ ಮಾತ್ರ. ಸೆರೆಮನೆಗಳಲ್ಲಿ ಇರುವವರಲ್ಲಿ ಬಹುತೇಕರು ರಾಜ್ಯಗಳ ಕೈದಿಗಳು. ಮಾದಕವಸ್ತು ಅಪರಾಧಗಳಿಗೆ ರಾಜ್ಯಗಳ ಸೆರೆ ಸೇರಿದವರಲ್ಲಿ 2000ನೇ ಇಸವಿಯಲ್ಲಿ ಹದಿನೈದು ಪಟ್ಟಿದ್ದ ಅಂತರ 2016ಕ್ಕೆ ಐದಕ್ಕಿಂತ ತುಸು ಕೆಳಗೆ ಬಂತು. ದೊಡ್ಡ ಬದಲಾವಣೆ ಆದದ್ದು ಅಲ್ಲಿ.

ಹಳೆಯ ಕೋಷ್ಟಕಗಳನ್ನು ಬಳಸುವಾಗ ಇನ್ನೂ ಎಚ್ಚರ ಬೇಕು. ಸೆರೆಮನೆಗೆ ಹೊಸದಾಗಿ ಬಂದವರಲ್ಲಿ ಕಪ್ಪು ವರ್ಣೀಯರ ಪಾಲು 1926ರಲ್ಲಿ ಶೇ 21, 1986ರಲ್ಲಿ ಶೇ 44 ಎಂದು ಸರ್ಕಾರಿ ದಾಖಲೆಗಳಲ್ಲಿದೆ. ಆ ಕಾಲದ ಎಣಿಕೆಯಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ) ಮೂಲದವರು ಹೆಚ್ಚಾಗಿ ಬಿಳಿಯರ ಕಾಲಂನಲ್ಲೇ ಸೇರಿಹೋಗುತ್ತಿದ್ದರು. ಅವರ ಸೆರೆವಾಸದ ದರ ಉಳಿದ ಬಿಳಿಯರದಕ್ಕಿಂತ ಹೆಚ್ಚಾದ್ದರಿಂದ ಬಿಳಿಯರ ದರ ಉಬ್ಬಿ, ಕಾಗದದ ಮೇಲೆ ಅಂತರ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಇಂದಿನ ಕೋಷ್ಟಕವನ್ನಿಟ್ಟು ಒಂದೇ ಗೆರೆ ಎಳೆಯುವುದು ನನ್ನ ತರಗತಿಯಲ್ಲಾದರೆ ಶೂನ್ಯ ಅಂಕದ ಉತ್ತರ.

ಕಡೆಯದಾಗಿ, ಲೇಖನದ ಶೀರ್ಷಿಕೆಯಲ್ಲಿದ್ದ ‘54 ಲಕ್ಷ ಕೈದಿಗಳು’ ತಪ್ಪು. 2007ರಲ್ಲಿ 73 ಲಕ್ಷವಿದ್ದು 2022ಕ್ಕೆ ಸುಮಾರು 54 ಲಕ್ಷಕ್ಕೆ ಇಳಿದದ್ದು ಜೈಲುಗಳಲ್ಲಿ ಇರುವವರ ಜೊತೆ ಪ್ರೊಬೇಷನ್ (ಸೆರೆಯ ಬದಲು ನಿಗಾ) ಮತ್ತು ಪೆರೋಲ್‌ನಲ್ಲಿ (ಸೆರೆಯಿಂದ ಬಿಟ್ಟ ಮೇಲಿನ ನಿಗಾ) ಇರುವವರನ್ನೂ ಕೂಡಿಸಿದ ಮೊತ್ತ. ಅವರಲ್ಲಿ ಮೂರನೇ ಎರಡು ಪಾಲು ಮಂದಿ ಗೋಡೆಯ ಹೊರಗೆ ನಿಗಾದಲ್ಲಿ ಇರುವವರು. ಇದಕ್ಕೊಂದು ತಿದ್ದುಪಡಿ ಪ್ರಕಟಿಸಿ. ಜೊತೆಗೆ ಎರಡೂ ಗುಂಪುಗಳ ದರಗಳನ್ನು ಪ್ರತ್ಯೇಕವಾಗಿ ತೋರಿಸುವ ಚಿಕ್ಕ ಕೋಷ್ಟಕವನ್ನಾದರೂ ಹಾಕಿ ಎಂದು ಕೋರುತ್ತೇನೆ.

– ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ