ಕಲ್ಲಿಗೆ ಎರಡು ಬೆನ್ನು

ರಿಬಂದರ್, ಗೋವಾ
ಕಾರ್ತಿಕ ಹುಣ್ಣಿಮೆಯ ಮರುದಿನ

ಪ್ರೀತಿಯ ಪುಟ್ಟಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಮಾವ, ಚೊಣಕ್ ಮೀನು ಹಿಡಿಯೋಕೆ ಯಾವ ಲೂರ್ (ನಕಲಿ ಎರೆ) ತಗೊಳ್ಳಲಿ?" ನಾನು ಆಗ ಸ್ಲ್ಯಾಬ್ ಹಾಕಿಸುತ್ತಾ ನಿಂತಿದ್ದೆ. ಆಮೇಲೆ ಹೇಳ್ತೀನಿ ಅಂದು ಇಟ್ಟುಬಿಟ್ಟೆ. ರಾತ್ರಿ ಮಲಗಿದರೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೆ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ನೀನು ಪುಣೆಯಲ್ಲಿ ಖಡಕ್‌ವಾಸ್ಲಾ ಹಿನ್ನೀರಿನ ದಡದಲ್ಲಿ ಗಾಳ ಹಾಕಿ ಕಲಿತವನು. ಹಿಟ್ಟಿನ ಉಂಡೆ, ಬೆಂಡು, ಕೊಡೆಯ ನೆರಳು. ಕಟ್ಲಾ ಬರುವವರೆಗೆ ಕಾಯುವುದು. ಅದು ತಾಳ್ಮೆಯ ವಿದ್ಯೆ, ನಾನು ಅದನ್ನು ಕಡಿಮೆ ಅನ್ನುವುದಿಲ್ಲ. ಆದರೆ ಅಲ್ಲಿ ನೀರು ನಿಂತಿರುತ್ತದೆ. ನೀನು ಹಾಕಿದ ಗಾಳ ಹಾಕಿದಲ್ಲೇ ಇರುತ್ತದೆ. ಈಗ ವೆರ್ಣಾದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದೀಯ. ಇಲ್ಲಿ ನೀರು ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ. ಅದಕ್ಕೇ ಮೊದಲು ನೀರು, ಆಮೇಲೆ ಮೀನು, ಕೊನೆಗೆ ಲೂರ್.

ನೀನು ನೋಡುವ ಆ ಅಮೆರಿಕದ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಅವರ ಸ್ಮಾಲ್‌ಮೌತ್ ಬಾಸ್ ಬೇರೆ ಮೀನು. ಸಿಹಿನೀರಿನದು, ತಣ್ಣೀರಿನದು. ನಮ್ಮ ಚೊಣಕ್‌ಗೂ ಇಂಗ್ಲಿಷಿನಲ್ಲಿ ಸೀ ಬಾಸ್ ಅನ್ನುತ್ತಾರೆ, ಆಸ್ಟ್ರೇಲಿಯಾದವರು ಬ್ಯಾರಾಮುಂಡಿ ಅನ್ನುತ್ತಾರೆ, ನಿನ್ನ ಪುಣೆಯ ಗೆಳೆಯರು ಜಿತಾಡಾ ಅನ್ನುತ್ತಾರೆ. ಎರಡೂ ಮೀನಿಗೆ ಬಾಸ್ ಅನ್ನುವ ಹೆಸರಿದ್ದರೂ ಎರಡರ ಕುಲ ಬೇರೆ. ಆದರೂ ಆ ವಿಡಿಯೋಗಳನ್ನು ಬಿಡಬೇಡ. ಹರಿಯುವ ನೀರಿನಲ್ಲಿ ಮೀನು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅವರು ಚೆನ್ನಾಗಿ ತೋರಿಸುತ್ತಾರೆ. ಆ ಲೆಕ್ಕ ಎರಡಕ್ಕೂ ಒಂದೇ. ಮೀನಿಗೆ ಸೆಳೆತದಲ್ಲಿ ಈಜಿ ಸುಸ್ತಾಗಲು ಇಷ್ಟ ಇಲ್ಲ. ಆದರೆ ಊಟ ಬರುವುದು ಸೆಳೆತದಲ್ಲೇ. ಅದಕ್ಕೆ ಅದು ಕಲ್ಲಿನ ಮರೆಯಲ್ಲಿ, ಸೇತುವೆಯ ಕಂಬದ ಮರೆಯಲ್ಲಿ, ಬಿದ್ದ ಮರದ ಪಕ್ಕ, ನೀರು ಬರುವ ಕಡೆ ಮುಖ ಮಾಡಿ ನಿಂತಿರುತ್ತದೆ. ಪಕ್ಕದಲ್ಲೇ ಓಡುವ ನೀರಿನಲ್ಲಿ ಸಿಗಡಿಯೋ ಶೆವ್ಟೊ ಮೀನಿನ ಮರಿಯೋ ಬಂದರೆ ಒಂದು ಹಾರು, ಒಂದು ನುಂಗು, ಮತ್ತೆ ಮರೆಗೆ. ತಳದಲ್ಲಿ ಕಲ್ಲು ಮಣ್ಣು ತಾಗಿ ನೀರು ನಿಧಾನ ಆಗುತ್ತದೆ. ಅದಕ್ಕೆ ಮೀನು ತಳಕ್ಕೇ ಜಾಸ್ತಿ ಅಂಟಿಕೊಂಡಿರುತ್ತದೆ.

ಇದನ್ನು ನಾನು ಕಲಿತದ್ದು ಫೆರಿಯಲ್ಲಿ. ಚೋಡಣ್ ದ್ವೀಪದಲ್ಲಿ ಒಂದು ಮನೆ ಕೆಲಸ ಹಿಡಿದಿದ್ದೆ. ಒಂದೂವರೆ ವರ್ಷ ದಿನಾ ಬೆಳಿಗ್ಗೆ ಸಂಜೆ ಇಲ್ಲಿಂದ ಫೆರಿ ಹತ್ತಿ ಹೋಗಿ ಬರುತ್ತಿದ್ದೆ. ಫೆರಿ ಯಾವತ್ತೂ ನೇರ ಹೋಗುವುದಿಲ್ಲ. ಮೂತಿಯನ್ನು ಸೆಳೆತದ ಎದುರಿಗೆ ಓರೆ ಹಿಡಿದು ದಾಟುತ್ತದೆ. ಒಂದು ದಿನ ಮೂತಿ ಪಣಜಿ ಕಡೆ, ಅಂದರೆ ಸಮುದ್ರದ ಕಡೆ, ಮತ್ತೊಂದು ದಿನ ಅದೇ ಹೊತ್ತಿಗೆ ಓಲ್ಡ್ ಗೋವಾ ಕಡೆ, ಅಂದರೆ ಹೊಳೆಯ ಮೇಲ್ಗಡೆ. ಮೊದಮೊದಲು ನನಗೆ ತಿಳಿಯಲಿಲ್ಲ. ನಾವು ಖಾನಾಪುರದ ಕಡೆಯವರು. ನಮ್ಮ ಕಾಡಿನಲ್ಲೇ ಹುಟ್ಟುವ ಮಹದಾಯಿ ಇಲ್ಲಿ ಮಾಂಡವಿ ಆಗುತ್ತಾಳೆ. ನಮಗೆ ಹೊಳೆ ಅಂದರೆ ಮೇಲಿಂದ ಕೆಳಕ್ಕೆ ಹೋಗುವುದು, ಅಷ್ಟೇ ಅಲ್ವಾ? ಇಲ್ಲಿ ಹಾಗಲ್ಲ. ಸಮುದ್ರ ಒಳಗೆ ನುಗ್ಗಿದಾಗ ಹೊಳೆ ಹಿಂದಕ್ಕೆ ಹರಿಯುತ್ತದೆ. ದಿನಕ್ಕೆ ಎರಡು ಸಲ ಭರತಿ, ಅಂದರೆ ನೀರು ಏರುವುದು, ಎರಡು ಸಲ ಸುಕತಿ, ಅಂದರೆ ಇಳಿಯುವುದು. ನಾಲ್ಕು ಸಲ ನೀರು ತಿರುಗುತ್ತದೆ.

ಅಮೆರಿಕದವರ ವಿಡಿಯೋದಲ್ಲಿ ಸಿಗದ ಮಾತು ಇದು. ಅವರ ಹೊಳೆಯಲ್ಲಿ ಕಲ್ಲಿಗೆ ಒಂದೇ ಬೆನ್ನು, ಅಂದರೆ ಮರೆಯ ಬದಿ ಒಂದೇ. ನಮ್ಮ ಹೊಳೆಯಲ್ಲಿ ಕಲ್ಲಿಗೆ ಎರಡು ಬೆನ್ನು. ಭರತಿಯಲ್ಲಿ ಒಂದು, ಸುಕತಿಯಲ್ಲಿ ಇನ್ನೊಂದು. ಬೆಳಿಗ್ಗೆ ಮೀನು ಹೊಡೆದ ಜಾಗದಲ್ಲಿ ಮಧ್ಯಾಹ್ನ ಗಾಳ ಹಾಕಿ ಏನೂ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಮೀನು ಎಲ್ಲಿಗೂ ಹೋಗಿರುವುದಿಲ್ಲ. ಕಲ್ಲಿನ ಆ ಬದಿಗೆ ಹೋಗಿರುತ್ತದೆ, ಅಷ್ಟೇ. ಇಲ್ಲಿ ಜಾಗ ಅನ್ನುವಾಗ ಅದರ ಜೊತೆ ಹೊತ್ತನ್ನೂ ಸೇರಿಸಿ ಹೇಳಬೇಕು.

ಫೆರಿಯ ಇಳಿಜಾರಿನ ಪಕ್ಕದಲ್ಲಿ ಒಂದು ಹಳೇ ಗೋಡೆ ಇದೆ. ಸುಕತಿಯ ಹೊತ್ತಿಗೆ ಅದರ ಮರೆಯಲ್ಲಿ ತೆಂಗಿನ ಸಿಪ್ಪೆಯೊಂದು ಸುತ್ತುತ್ತಾ ಅಲ್ಲೇ ಇರುತ್ತಿತ್ತು. ಅದರಿಂದ ಎರಡು ಮಾರು ಆಚೆ ಕಸ ನೊರೆ ಎಲ್ಲಾ ಓಡುತ್ತಿತ್ತು. ಓಡುವ ನೀರಿಗೂ ಸುತ್ತುವ ನೀರಿಗೂ ನಡುವೆ ಒಂದು ಗೆರೆ. ಗಾರೆ ಕೆಲಸದವನಿಗೆ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ. ದಿನಾ ನೋಡಿದೆ. ಒಂದು ದಿನ ಆ ಗೆರೆಯ ಮೇಲೆ ಮರಿಮೀನುಗಳು ಚಿಲ್ಲನೆ ಚದುರಿದವು. ಕೆಳಗಿನಿಂದ "ಠಪ್" ಅಂತ ಸದ್ದು, ಮಡಕೆ ಒಡೆದ ಹಾಗೆ. ಅದೇ ಚೊಣಕ್. ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಗೆ ಎಳೆದುಕೊಳ್ಳುವ ಸದ್ದು. ನನ್ನ ಮೊದಲ ಚೊಣಕ್ ಸಿಕ್ಕಿದ್ದು ಆ ಗೆರೆಯಲ್ಲೇ. ಅದಕ್ಕೂ ಮುಂಚೆ ಎಂಟು ತಿಂಗಳು ನಾನು ಹೊಳೆಯ ನಡುವಿಗೆ ದೂರ ದೂರ ಎಸೆದು ಕೈ ನೋಯಿಸಿಕೊಂಡಿದ್ದೆ.

ಅದಕ್ಕೆ ಒಂದು ಮಾತು ಕೇಳು. ಮೊದಲ ತಿಂಗಳು ರಾಡ್ ಮನೆಯಲ್ಲೇ ಇರಲಿ. ಒಂದು ನೋಟ್‌ಬುಕ್ ತಗೋ. ಮೊರ್ಮುಗಾವ್ ಬಂದರಿನ ಭರತಿಯ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಭರತಿ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಗಮನಿಸು. ಬಂದರಿನಲ್ಲಿ ತುಂಬಿದ ಮೇಲೂ ಒಳಗಿನ ಹೊಳೆಯಲ್ಲಿ ನೀರು ಏರುತ್ತಲೇ ಇರುತ್ತದೆ. ನಿನ್ನ ಜಾಗಕ್ಕೆ ಎಷ್ಟು ತಡ ಅಂತ ನೀನೇ ನೋಡಿ ಬರೆದುಕೊಳ್ಳಬೇಕು. ಹುಣ್ಣಿಮೆ ಅಮಾವಾಸ್ಯೆಗೆ ಇಲ್ಲಿ ಎರಡು ಮೀಟರ್ ಆಸುಪಾಸು ಏರಿಳಿತ, ಸೆಳೆತ ಜೋರು. ಅಷ್ಟಮಿಗೆ ತೀರಾ ಕಡಿಮೆ. ಸುಕತಿ ಸುಮಾರು ಆರು ಗಂಟೆ ನಡೆಯುತ್ತದೆ, ಅದರಲ್ಲಿ ಮೂರನೇ ನಾಲ್ಕನೇ ಗಂಟೆ ನೀರು ಜೋರಾಗಿ ಓಡುವ ಹೊತ್ತು. ಪೂರ್ತಿ ನಿಂತಾಗ ಮೀನೂ ಬಾಯಿ ಮುಚ್ಚಿಕೊಳ್ಳುತ್ತದೆ. ತಿರುಗಿದ ಮೇಲೆ ಮೊದಲ ಒಂದು ಗಂಟೆ ನನಗೆ ಯಾವಾಗಲೂ ಚೆನ್ನಾಗಿ ಕೊಟ್ಟಿದೆ. ನೋಟ್‌ಬುಕ್ಕಿನಲ್ಲಿ ತಿಥಿ ಬರೆ, ಹೊತ್ತು ಬರೆ, ಗೆರೆ ಎಲ್ಲಿ ಬಿತ್ತು ಅಂತ ಚಿತ್ರ ಹಾಕು. ಬೆಳ್ಳಕ್ಕಿ ಎಲ್ಲಿ ನಿಂತಿತ್ತು ಅದನ್ನೂ ಬರೆ. ಅದು ಮರಿಮೀನು ಇರುವಲ್ಲೇ ನಿಲ್ಲುತ್ತದೆ.

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ತೋಡುಗಳ ಬಾಯಿ ನೋಡು. ಸುಕತಿಯಲ್ಲಿ ಒಳಗಿನ ನೀರೆಲ್ಲ ಸಿಗಡಿಯ ಸಮೇತ ಹೊರಗೆ ಬರುತ್ತದೆ. ಬಾಯಲ್ಲಿ ಚೊಣಕ್ ಕಾಯುತ್ತಿರುತ್ತದೆ. ಹೊಳೆಯ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಖಾಜಾನ್ ಗದ್ದೆಗಳ ತೂಬಿನ ಬಾಗಿಲಿಗೆ ಇಲ್ಲಿಯವರು ಮಾನಸ್ ಅನ್ನುತ್ತಾರೆ. ಅಲ್ಲೂ ಹಾಗೇ. ಆದರೆ ಮಾನಸಿನ ಮೀನು ಹಿಡಿಯುವ ಹಕ್ಕನ್ನು ಊರಿನವರು ಹರಾಜು ಹಾಕಿರುತ್ತಾರೆ. ಹಣ ಕಟ್ಟಿದವನ ಅನ್ನ ಅದು. ಕೇಳದೆ ಅಲ್ಲಿ ಗಾಳ ಹಾಕಬೇಡ. ನಾವು ಹೊರಗಿನಿಂದ ಬಂದವರು. ಈ ಊರು ನಮಗೆ ಕೆಲಸ ಕೊಟ್ಟಿದೆ, ಮನೆ ಕೊಟ್ಟಿದೆ. ಕೊಂಕಣಿಯಲ್ಲಿ ಎರಡು ಮಾತು ಕಲಿತು ಕೇಳು. ಬೇಡ ಅಂದರೆ ನಗುತ್ತಾ ವಾಪಸ್ ಬಾ.

ಈಗ ಲೂರ್. ಒಂದೇ ಬಗೆ ಸಾಕು ಸದ್ಯಕ್ಕೆ. ಮೆತ್ತನೆ ರಬ್ಬರಿನದು, ಬಾಲ ಅಲ್ಲಾಡುವುದು, ಬೆರಳುದ್ದ. ಅದಕ್ಕೆ ಜಿಗ್ ಹೆಡ್, ಅಂದರೆ ತೂಕದ ತಲೆ ಇರುವ ಕೊಕ್ಕೆ, 7 ಗ್ರಾಂ, 14 ಗ್ರಾಂ, 21 ಗ್ರಾಂ, ಮೂರೂ ಇರಲಿ. ಬಣ್ಣದ ಚಿಂತೆ ಬೇಡ, ತೂಕದ ಚಿಂತೆ ಮಾಡು. ನೀರು ಬರುವ ಕಡೆಗೆ ಓರೆಯಾಗಿ ಎಸೆ. ನೀರೇ ಅದನ್ನು ನಿನ್ನ ಕಡೆ ತರಲಿ. ನೀನು ಸಡಿಲಾದ ದಾರವನ್ನು ಮಾತ್ರ ಸುತ್ತಿಕೊ. ಆಗಾಗ "ಟಕ್" ಅಂತ ತಳ ತಾಗಿದ್ದು ಕೈಗೆ ತಿಳಿಯಬೇಕು. ತಾಗಲೇ ಇಲ್ಲ ಅಂದರೆ ತೂಕ ಹೆಚ್ಚಿಸು. ಅಲ್ಲೇ ಕೂತುಬಿಟ್ಟರೆ ಕಡಿಮೆ ಮಾಡು. ಒಂದೇ ಕಲ್ಲಿನ ಹತ್ತಿರ ಒಂದು ಗಂಟೆಯಲ್ಲಿ ಮೂರು ಸಲ ತೂಕ ಬದಲಿಸಬೇಕಾಗುತ್ತದೆ. ಸೋಮಾರಿತನ ಮಾಡಬೇಡ. ಎಸೆಯುವಾಗ ಕಲ್ಲಿಗೇ ಗುರಿ ಇಡಬೇಡ, ಅದಕ್ಕಿಂತ ಆಚೆ, ನೀರು ಬರುವ ಕಡೆಗೆ ಇಡು. ತೇಲಿ ಬಂದು ಮರೆಯ ಅಂಚು ದಾಟಬೇಕು. ಜೋರು ಸೆಳೆತದ ಎದುರು ಈಜಿಕೊಂಡು ಬರುವ ಮರಿಮೀನನ್ನು ಚೊಣಕ್ ನೋಡುವುದು ಕಡಿಮೆ.

ಹೆಣೆದ ದಾರ ತೆಳ್ಳಗಿರುತ್ತದೆ, ಸೆಳೆತ ಅದನ್ನು ಜಾಸ್ತಿ ತಳ್ಳುವುದಿಲ್ಲ. ಅದನ್ನೇ ಹಾಕು. ತುದಿಗೆ ಒಂದು ಮಾರು ದಪ್ಪ ಫ್ಲೂರೋಕಾರ್ಬನ್ ದಾರ ಕಟ್ಟು. ಚೊಣಕ್‌ನ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ. ದಾರವನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಎತ್ತುವಾಗ ಕಿವಿರಿಗೆ ಕೈ ಹಾಕಬೇಡ.

ಹೊಡೆದ ಮೇಲೆ ಅದು ನೀರಿನಿಂದ ಮೇಲೆ ಹಾರಿ ತಲೆ ಒದರುತ್ತದೆ. ಆ ಕ್ಷಣ ರಾಡ್ ತಗ್ಗಿಸು. ಆಮೇಲೆ ಸೆಳೆತದ ಜೊತೆ ಕೆಳಕ್ಕೆ ಓಡುತ್ತದೆ. ಅದನ್ನು ಸೆಳೆತದ ಎದುರು ಎಳೆದರೆ ಮೀನಿನ ಜೊತೆ ಇಡೀ ಹೊಳೆಯನ್ನೇ ಎಳೆದ ಹಾಗೆ. ನೀನೇ ದಡದಲ್ಲಿ ಕೆಳಗೆ ನಡೆದು ಹೋಗು. ನಿಧಾನ ನೀರಿಗೆ ಅದನ್ನು ತಿರುಗಿಸಿ ಅಲ್ಲಿ ಎತ್ತು. ಎಸೆಯುವ ಮೊದಲೇ ಎತ್ತುವ ಜಾಗ ನೋಡಿಟ್ಟುಕೊಂಡಿರಬೇಕು.

ತುಂಬಾ ದೊಡ್ಡದು ಸಿಕ್ಕರೆ ಬಿಟ್ಟುಬಿಡು, ಪುಟ್ಟಾ. ಚೊಣಕ್ ಮೊದಲು ಗಂಡಾಗಿರುತ್ತದೆ. ಆರೇಳು ವರ್ಷ ಆದಮೇಲೆ ಹೆಣ್ಣಾಗುತ್ತದೆ. ದೊಡ್ಡವೆಲ್ಲಾ ಹೆಚ್ಚುಕಡಿಮೆ ತಾಯಂದಿರು. ಮಳೆಗಾಲದ ಹೊತ್ತಿಗೆ ಅಳಿವೆಗೆ ಇಳಿದು ಲಕ್ಷಗಟ್ಟಲೆ ಮೊಟ್ಟೆ ಇಡುವವು. ಊಟಕ್ಕೆ ಎರಡು ಕಿಲೋದ್ದು ಒಂದು ಸಾಕು. ರವೆ ಹಚ್ಚಿ ಹುರಿಯಲು ಅದೇ ರುಚಿ ಕೂಡ. ದೊಡ್ಡದನ್ನು ಬಾಯಿ ಹಿಡಿದು ತೂಗಾಡಿಸಬೇಡ. ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡು. ಫೋಟೋಗೆ ಹೆಚ್ಚು ಹೊತ್ತು ಹಿಡಿದುಕೊಳ್ಳಬೇಡ. ಸೆಳೆತಕ್ಕೆ ಮುಖ ಮಾಡಿ ನೀರಲ್ಲಿ ಹಿಡಿ, ಅದೇ ಒದ್ದು ಹೋಗುತ್ತದೆ.

ಇನ್ನೊಂದು ವಿಷಯ. ಇದನ್ನು ನಿನ್ನ ಅಮ್ಮನಿಗೆ ನಾನು ಇವತ್ತಿಗೂ ಹೇಳಿಲ್ಲ.

ನಿನ್ನ ವಯಸ್ಸಿನಲ್ಲಿ ಝುವಾರಿ ಹೊಳೆಯ ಅಳಿವೆಯಲ್ಲಿ ಒಂದು ಬಂಡೆಯ ಮೇಲೆ ನಿಂತಿದ್ದೆ. ಅಮಾವಾಸ್ಯೆಯ ಸಂಜೆ. ಆ ದಿನಗಳಲ್ಲಿ ಇಲ್ಲಿ ಮಧ್ಯಾಹ್ನದ ಸುಮಾರಿಗೆ ತುಂಬಿ ಸಂಜೆಗೆ ಪೂರ್ತಿ ಇಳಿದಿರುತ್ತದೆ. ಬಂಡೆಗೆ ನಡೆದೇ ಹೋಗಿದ್ದೆ, ಕಾಲು ಮಾತ್ರ ಒದ್ದೆ. ನೀರು ತಿರುಗಿತು. ಮೀನು ಹೊಡೆಯಲು ಶುರುವಾಯಿತು. ಮುಂದೆ ನೋಡುತ್ತಾ ನಿಂತೆ, ಹಿಂದೆ ನೋಡಲಿಲ್ಲ. ಬಂಡೆಗೂ ದಡಕ್ಕೂ ನಡುವೆ ಒಂದು ತಗ್ಗು ಇತ್ತು. ಮೊದಲು ತುಂಬಿದ್ದು ಅದು. ಕತ್ತಲೆಯಲ್ಲಿ ಇಳಿದಾಗ ನೀರು ಎದೆಗೆ ಬಂತು. ಎರಡನೇ ಹೆಜ್ಜೆಗೆ ಕಾಲು ನೆಲ ಬಿಟ್ಟಿತು. ರಾಡ್ ಬಿಟ್ಟೆ. ಎಷ್ಟು ದೂರ ಹೋದೆನೋ ಗೊತ್ತಿಲ್ಲ. ತಿಸ್ರ್ಯೊ ಚಿಪ್ಪು ಆರಿಸಿ ವಾಪಸ್ ಬರುತ್ತಿದ್ದ ಗಂಡ ಹೆಂಡತಿ ದೋಣಿಯಲ್ಲಿದ್ದರು. ಆ ತಾಯಿ ನನ್ನ ಕಾಲರ್ ಹಿಡಿದಳು. ತಪ್ಪು ಪೂರ್ತಿ ನನ್ನದೇ. ಭರತಿ ಎಷ್ಟು ಹೊತ್ತಿಗೆ ಅಂತ ನೋಡಿಯೇ ಹೋಗಿರಲಿಲ್ಲ. ಆಗ ನಿನ್ನ ಅತ್ತೆಗೆ ಏಳು ತಿಂಗಳು ತುಂಬಿತ್ತು. ಈಗಲೂ ಅಮಾವಾಸ್ಯೆಯ ರಾತ್ರಿ ನೀರಿನ ಸದ್ದು ಕೇಳಿದರೆ ನನ್ನ ಎದೆ ಒಂದು ಸಲ ಜಗ್ಗುತ್ತದೆ.

ಅದಕ್ಕೆ ನನ್ನ ಆಣೆ ಇಟ್ಟು ಹೇಳುತ್ತೇನೆ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಬೇಡ. ಒಬ್ಬನೇ ಹೋಗಬೇಡ. ದೋಣಿಯಾಗಲಿ ಬಂಡೆಯಾಗಲಿ ಲೈಫ್ ಜಾಕೆಟ್ ಹಾಕು. ಯಾರು ನಕ್ಕರೂ ನಗಲಿ. ಬಂಡೆಗೆ ಹೋಗುವ ಮೊದಲು ವಾಪಸ್ ಬರುವ ಹೊತ್ತನ್ನು ಫೋನಿನ ಅಲಾರಂನಲ್ಲಿ ಇಡು. ಮೀನು ದಾರದಲ್ಲಿದ್ದರೂ ಸರಿ, ಅದು ಬಾರಿಸಿದಾಗ ಹೊರಡು. ಕುಂಭಾರ್ಜುವಾ ಕಾಲುವೆಯ ದಡದಲ್ಲಿ ಕೂರಲೇಬೇಡ, ಅಲ್ಲಿ ಮೊಸಳೆಗಳಿವೆ. ಜೂನ್ ಜುಲೈನಲ್ಲಿ ನಮ್ಮ ಘಟ್ಟದ ಮಳೆಯೆಲ್ಲಾ ಈ ಹೊಳೆಗಳಲ್ಲೇ ಇಳಿಯುತ್ತದೆ. ನೀರು ಕೆಂಪಾದ ಮೇಲೆ ಸುಕತಿ ಯಾವುದು ಪ್ರವಾಹ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಆ ತಿಂಗಳು ದಾರ ಬದಲಿಸು, ರೀಲಿಗೆ ಎಣ್ಣೆ ಹಾಕು, ಮನೆಯಲ್ಲಿರು.

ಬರುವ ಅಷ್ಟಮಿಯ ಹೊತ್ತಿಗೆ ಇಲ್ಲಿಗೆ ಬಾ. ಅವತ್ತು ಸೆಳೆತ ಕಡಿಮೆ, ಕಲಿಯುವವನಿಗೆ ಒಳ್ಳೆಯದು. ರಾಡ್ ತರಬೇಡ, ನೋಟ್‌ಬುಕ್ ತಾ. ಫೆರಿಯ ಹತ್ತಿರ ನಿಂತಿರುತ್ತೇನೆ. ನಾಲ್ಕು ಸಲ ಆಚೆ ಈಚೆ ಹೋಗಿ ಬರೋಣ, ಗೆರೆ ತೋರಿಸುತ್ತೇನೆ. ನಿನ್ನ ಕಾಲಿನ ಅಳತೆ ಬರೆದು ಕಳಿಸು. ಇಲ್ಲಿಯ ಕೆಸರಿನಲ್ಲಿ ಸಿಂಪಿ ಚಿಪ್ಪು ಕೊಯ್ಯುತ್ತದೆ, ಬೂಟು ತೆಗೆದಿಡುತ್ತೇನೆ. ಲೈಫ್ ಜಾಕೆಟ್ ಆಗಲೇ ತಂದಿದ್ದೇನೆ, ಕಿತ್ತಳೆ ಬಣ್ಣದ್ದು.

ನಿನ್ನ ಮಾವ